ಇದ್ದ ಹಾಗೇ ಎದ್ದ ಕಂಪ್ಯೂಟರು

ಫೆಬ್ರವರಿ 4

ಗುಬ್ಬೀ,

ಮೊದಲೇ ಹೇಳಿಬಿಡುತ್ತೇನೆ, ಅಮ್ಮನಿಗೆ ಏನೂ ಆಗಿಲ್ಲ. ನನಗೆ ಆಗಿದೆ. ಎಡಗಡೆ ಒಂದು ಪಕ್ಕೆಲುಬು ಮುರಿದಿದೆ, ಹುಬ್ಬಿನ ಮೇಲೆ ಹೊಲಿಗೆ ಬಿದ್ದಿದೆ. ಫೋನು ಮಾಡಬೇಡ. ನನ್ನ ಫೋನನ್ನು ಅವರು ಬಣ್ಣದ ತೊಟ್ಟಿಗೆ ಎಸೆದರು. ಹೊಸದು ತಂದರೂ ಅದರಲ್ಲಿ ನಾನು ಒಂದು ಮಾತೂ ಆಡುವುದಿಲ್ಲ. ಕಾರ್ಖಾನೆಯ ಧಣಿಯ ಕಿವಿ ಎಷ್ಟು ಉದ್ದ ಅಂತ ಈಗ ಗೊತ್ತಾಗಿದೆ. ಕಾಗದವನ್ನೇ ಬರೆ.

ನಿನ್ನೆ ಹಾಡಹಗಲು ಸಂಘದ ಕಚೇರಿಗೆ ನುಗ್ಗಿದರು. ಮುಂದೆ ಬೆಲ್ಟು. ಅವನನ್ನು ನೀನು ನೋಡಿಲ್ಲ. ನಮ್ಮ ಕಾರ್ಖಾನೆಯ ಸೂಪರ್‌ವೈಸರ್, ಸೊಂಟದಲ್ಲಿರಬೇಕಾದ ಬೆಲ್ಟನ್ನು ಸದಾ ಕೈಗೆ ಸುತ್ತಿಕೊಂಡು ಓಡಾಡುತ್ತಾನೆ. ಡಿಸೆಂಬರಿನಲ್ಲಿ ಇಸ್ತ್ರಿ ಹಾಲಿಗೆ ಬೆಂಕಿ ಬಿತ್ತಲ್ಲ, ಆವತ್ತು ಹೊರಗಿನಿಂದ ಬೀಗ ಜಡಿದವನು ಇವನೇ. ಒಳಗಿದ್ದ ಎಷ್ಟೋ ಹೆಂಗಸರು ಬಾಗಿಲು ಬಡಿದು ಬಡಿದು ಸತ್ತರು. ಹೆಂಗಸರು ಗುಂಪಾಗಿ ಹೊರಗೆ ಬಂದರೆ ಸಂಘದ ಸಭೆಗೆ ಹೋಗುತ್ತಾರೆ ಅಂತ ಬೀಗವಂತೆ! ಬಾಗಿಲು ತೆಗೆದಾಗ ಅದರ ಒಳಮೈಯಲ್ಲಿ ಉಗುರುಗಳು ಅಂಟಿಕೊಂಡಿದ್ದವು. ನಾನು ನನ್ನ ಕಣ್ಣಾರೆ ನೋಡಿದ್ದೇನೆ.

ನಿನ್ನೆ ಅವನು ಒಂದು ಬೀರುವನ್ನೂ ತೆಗೆಯಲಿಲ್ಲ, ಒಂದು ಕಾಗದವನ್ನೂ ಹರಿಯಲಿಲ್ಲ. ಕಂಪ್ಯೂಟರು ಎಲ್ಲಿದೆ ಅಂತ ಯಾರನ್ನೂ ಕೇಳಲಿಲ್ಲ. ನೆಟ್ಟಗೆ ಒಳಕೋಣೆಗೆ ಹೋದ. ಅಡ್ಡ ನಿಂತ ಕಾವಲು ತಾತನ ಮುಖಕ್ಕೆ ಸುತ್ತಿಗೆಯ ಹಿಡಿಯಿಂದ ಹೊಡೆದ, ಎರಡು ಹಲ್ಲು ನೆಲಕ್ಕೆ ಬಿದ್ದವು. ನಾನು ಮೇಜಿಗೆ ಅಪ್ಪಿಕೊಂಡೆ. ಕೂದಲು ಹಿಡಿದು ಎಳೆದರು, ಬಿಡಲಿಲ್ಲ. ಪಕ್ಕೆಗೆ ಒದ್ದರು, ಹಿಡಿತ ಬಿಟ್ಟುಹೋಯಿತು. ಸಿಟ್ಟಿಗೆ ಒಡೆಯುವವನು ಪರದೆ ಒಡೆಯುತ್ತಾನೆ, ಅಲ್ಲವೇ? ಇವನು ಪರದೆ ಮುಟ್ಟಲಿಲ್ಲ. ಪೆಟ್ಟಿಗೆ ಬಿಚ್ಚಿಸಿದ, ಡಿಸ್ಕು ಕೀಳಿಸಿದ, ಹೊಸ್ತಿಲ ಕಲ್ಲಿನ ಮೇಲಿಟ್ಟು ಪುಡಿಯಾಗುವವರೆಗೂ ಚಚ್ಚಿದ. ಆಮೇಲೆ ನನ್ನ ಕಡೆ ನೋಡಿ, "ಹೋಯ್ತಲ್ಲಮ್ಮಾ ನಿನ್ ಸೂಜಿ" ಅಂದ.

ಸೂಜಿಯನ್ನು ನೀನು ಬಲ್ಲೆ. ಸಣಕಲಿ, ಮಾತು ಮಾತ್ರ ಚುಚ್ಚುವಂಥದ್ದು. ಮೈಯೆಲ್ಲ ಸುಟ್ಟರೂ ಆಸ್ಪತ್ರೆಯಲ್ಲಿ ಸ್ವಲ್ಪ ಕಾಲ ಉಸಿರು ಹಿಡಿದಿದ್ದಳು. ಯಾರು ಬೀಗ ಹಾಕಿದ್ದು ಅಂತ ನನ್ನ ಫೋನಿಗೆ ಹೇಳಿ ಸತ್ತಳು. ಆ ದನಿಯನ್ನು ಕಂಪ್ಯೂಟರಿಗೆ ಹಾಕಿಟ್ಟಿದ್ದೆ. ಈಗ ಫೋನೂ ಇಲ್ಲ, ಕಂಪ್ಯೂಟರೂ ಇಲ್ಲ.

ಆದರೆ ಗುಬ್ಬೀ, ಆ ನಾಯಿಗೆ ಗೊತ್ತಿಲ್ಲದ್ದು ಒಂದಿದೆ. ಜನವರಿಯಲ್ಲಿ ನೀನು ಕರೆಯದೇ ಬಂದೆಯಲ್ಲ, ಕಂಪ್ಯೂಟರು ನಿಧಾನವಾಗಿದೆ ಅಂತ ಕೂತು ಸರಿಮಾಡಿದೆಯಲ್ಲ, ಹೊರಡುವಾಗ ನಾನು ಪಟ್ಟು ಹಿಡಿದು ಇಡೀ ಡಿಸ್ಕಿನ ಇಮೇಜ್ ತೆಗೆಸಿಕೊಂಡೆ. "ಇದು ಕಂಪ್ಯೂಟರಿನ ಪಡಿಯಚ್ಚು ಅಕ್ಕಾ. ಅದು ಸತ್ತರೆ ಇದರಿಂದ ಇದ್ದ ಹಾಗೇ ಎದ್ದು ಕೂರುತ್ತೆ" ಅಂತ ನೀನೇ ಅಂದಿದ್ದೆ. ಆ ಬ್ಯಾಕಪ್ ಡಿಸ್ಕು ಅಮ್ಮನ ಹಿಟ್ಟಿನ ಡಬ್ಬಿಯ ತಳದಲ್ಲಿದೆ. ಸೂಜಿ ಅದರೊಳಗಿದ್ದಾಳೆ.

ಮಾರ್ಚ್ 18ಕ್ಕೆ ನ್ಯಾಯಾಲಯದಲ್ಲಿ ನಮ್ಮ ಕೇಸು. ನಮ್ಮ ಕಡೆ ಇರುವುದು ಎರಡೇ: ಸೂಜಿಯ ದನಿ, ಬಾಯ್ಲರ್ ಮಾವನ ಕಣ್ಣು. ಬೆಲ್ಟು ಬೀಗ ಹಾಕಿ ಕೀಲಿಕೈ ಜೇಬಿಗಿಳಿಸಿದ್ದನ್ನು ನೋಡಿದವನು ಬಾಯ್ಲರ್ ಮಾವ ಒಬ್ಬನೇ. ಅವನನ್ನು ಅಡಗಿಸಿ ಇಟ್ಟಿದ್ದೇವೆ.

ಬೇಗ ಬಾ. ಬರಲಾಗದಿದ್ದರೆ ಹೇಗೆ ಎಬ್ಬಿಸುವುದು ಅಂತ ಬರೆ. ನಿನ್ನ ಬಲಗೈ ಬೆರಳು ವಾಸಿಯಾದವಾ? ಊರಿಗೆಲ್ಲ ಕಂಪ್ಯೂಟರು ರಿಪೇರಿ ಮಾಡುವವನು, ತಾನು ದುಡಿಯುವ ಅಂಗಡಿಯ ಶಟರ್ ಕೆಳಗೆ ಕೈಯಿಟ್ಟುಕೊಂಡು ಕೂರುವ ಪೆದ್ದ!

ಅಕ್ಕ


ಫೆಬ್ರವರಿ 9

ಅಕ್ಕಾ,

ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ನಗಬೇಡ. ಪಕ್ಕೆಲುಬಿಗೆ ಬಿಗಿಯಾಗಿ ಬಟ್ಟೆ ಸುತ್ತಿದ್ದಾರಾ? ಕೆಮ್ಮುವಾಗ ದಿಂಬು ಒತ್ತಿ ಹಿಡಿದುಕೋ. ನಿನ್ನನ್ನು ಒದ್ದರು ಅಂತ ಓದಿ ಆ ದಿನ ಊಟ ಸೇರಲಿಲ್ಲ.

ನಾನು ಬರಲಾರೆ. ಇವಳಿಗೆ ಏಳು ತಿಂಗಳು ತುಂಬಿದೆ, ಕಾಲು ಊದಿಕೊಂಡಿದೆ, ಅಂಗಡಿಯವರು ರಜೆ ಕೊಡುವುದಿಲ್ಲ.

ನನ್ನ ಮಾತು ಕೇಳು. ಕಂಪ್ಯೂಟರನ್ನು ಇಡಿಯಾಗಿ ಎಬ್ಬಿಸಬೇಡ. ಇಮೇಜನ್ನು ಪೆಟ್ಟಿಗೆ ತೆಗೆದ ಹಾಗೆ ತೆಗೆದು, ಸೂಜಿಯ ದನಿ ಒಂದನ್ನು ಮಾತ್ರ ಹೊರಗೆ ತೆಗೆದುಕೊಳ್ಳಬಹುದು. ಬೇರೆ ಯಾವ ಕಂಪ್ಯೂಟರಿನಲ್ಲಾದರೂ ಆಗುತ್ತದೆ. ಅದಕ್ಕಿಂತ ಒಳ್ಳೆಯದು, ಡಿಸ್ಕನ್ನು ನನಗೇ ಕಳಿಸು, ನಾನೇ ತೆಗೆದು ಕಳಿಸುತ್ತೇನೆ. ಹಳೆಯದು ಹಾಗೇ ಎದ್ದರೆ ಹಳೆಯ ತೊಂದರೆಗಳೂ ಏಳುತ್ತವೆ.

ಬಾಯ್ಲರ್ ಮಾವ ಎಲ್ಲಿದ್ದಾನೆ ಅಂತ ಯಾರಿಗೂ ಹೇಳಬೇಡ. ನನಗೂ ಬರೆಯಬೇಡ.

ಗುಬ್ಬಿ


ಫೆಬ್ರವರಿ 13

ಗುಬ್ಬೀ,

ನಿನ್ನ ಕಾಗದ ಸಭೆಯಲ್ಲಿ ಓದಿದೆ. ಓದಬಾರದಿತ್ತು, ನಾಚಿಕೆಯಾಯಿತು.

ಸೂಜಿಯ ಅವ್ವ ಎದ್ದು ನಿಂತಳು. ಬೆಂಕಿ ಬಿದ್ದಾಗಿನಿಂದ ಆ ಮುದುಕಿ ಸಭೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. "ಅವರು ಒಡೆದಿದ್ದು ಇಡೀದು. ನಾವು ಅದರೊಳಗಿಂದ ಒಂದು ಚೂರು ಹೆಕ್ಕೊಂಡು ಬಾಲ ಮುದುರ್ಕೊಂಡು ಕೂರ್ಬೇಕಾ? ನನ್ ಮಗಳನ್ನಂತೂ ಎಬ್ಬಿಸೋಕಾಗಲ್ಲ. ಆ ಪೆಟ್ಟಿಗೇನಾದ್ರೂ ಎಬ್ಬಿಸಿ, ಅದರ ಮುಂದೆ ಆ ಬೆಲ್ಟು ಓಡಾಡ್ಲಿ, ಹೊಟ್ಟೆ ಉರ್ಕೊಂಡು ಸಾಯ್ಲಿ" ಅಂದಳು. ಕಾವಲು ತಾತ ಬೊಚ್ಚು ಬಾಯಿ ತೆಗೆದು, "ಮೊದ್ಲೇ ಗೊತ್ತಿದ್ರೆ ನನ್ ಹಲ್ಲಿಂದೂ ಒಂದು ಇಮೇಜ್ ತೆಗೆಸಿ ಇಡ್ತಿದ್ದೆ ಕಣ್ರಮ್ಮಾ" ಅಂದ. ಎಲ್ಲರೂ ನಕ್ಕರು, ನನ್ನ ಪಕ್ಕೆ ನೋವಿಗೆ ನಾನು ನಗುತ್ತಲೇ ಅತ್ತೆ. ಆಮೇಲೆ ಕೈ ಎತ್ತಿಸಿದೆವು. ಒಂದು ಕೈಯೂ ಕೆಳಗಿರಲಿಲ್ಲ. ಇಡಿಯಾಗಿ ಎಬ್ಬಿಸುವುದು. ಅದೇ ಕೋಣೆಯಲ್ಲಿ, ಅದೇ ಮೇಜಿನ ಮೇಲೆ, ಕಿಟಕಿ ತೆರೆದಿಟ್ಟು.

ಶಾಲೆಯವರು ಮೂಲೆಗೆ ಹಾಕಿದ್ದ ಅದೇ ಮಾಡೆಲಿನ ಕಂಪ್ಯೂಟರು ಕೊಟ್ಟಿದ್ದಾರೆ. ಹಿಟ್ಟಿನ ಡಬ್ಬಿಯಿಂದ ತೆಗೆದು ನೋಡಿದರೆ, ನೀನು ಡಿಸ್ಕಿನ ಮೈಗೆ ಅಂಟಿಸಿದ ಚೀಟಿಯಲ್ಲಿ ಎಬ್ಬಿಸುವ ಕ್ರಮವೆಲ್ಲ ಇದೆ, ಪೆನ್ ಡ್ರೈವೂ ಜೊತೆಗೇ ಇದೆ. ಭಾನುವಾರ ಕೂರುತ್ತೇನೆ.

ನಿನಗೆ ಏನಾಗಿದೆಯೋ? ಚಿಕ್ಕವನಿದ್ದಾಗ ನನಗೆ ಹೊಡೆದ ಹುಡುಗರ ಬೆನ್ನು ಹತ್ತಿ ಕಲ್ಲು ಹೊಡೆಯುತ್ತಿದ್ದವನು ನೀನು. ಈಗ "ಡಿಸ್ಕು ಕಳಿಸು", "ನನಗೂ ಹೇಳಬೇಡ". ಸಾಕ್ಷಿ ಎಲ್ಲಿದ್ದಾನೆ ಅಂತ ತಿಳಿಯುವುದಕ್ಕೂ ಹೆದರುವಷ್ಟು ಸಣ್ಣವನಾದೆಯಾ? ಅಪ್ಪನಾಗುವವನಿಗೆ ಭಯ ಇರುತ್ತದೆ, ಒಪ್ಪುತ್ತೇನೆ. ಆದರೆ ಸತ್ತ ಹೆಂಗಸರ ಮಕ್ಕಳೂ ಮಕ್ಕಳೇ ತಾನೆ?

ಅಮ್ಮ ನಿನ್ನ ಹೆಂಡತಿಯ ಕಾಲಿಗೆ ಬಿಸಿನೀರಿನ ಶಾಖ ಕೊಡಲು ಹೇಳಿದ್ದಾಳೆ. ನಾನು ಏನೂ ಹೇಳಿಲ್ಲ.

ಅಕ್ಕ


ಫೆಬ್ರವರಿ 15

ಅಕ್ಕಾ, ಮಾಡಬೇಡ. ನಿನ್ನ ಕಾಲಿಗೆ ಬೀಳುತ್ತೇನೆ. ಮಾಡಲೇಬೇಕು ಅಂತಿದ್ದರೆ ನೆಟ್ ವೈರು ಹಾಕಬೇಡ. ಅದಕ್ಕೆ ನೆಟ್ ತೋರಿಸಲೇಬೇಡ. ಕಾರಣ ಆಮೇಲೆ ಹೇಳುತ್ತೇನೆ.

ಗುಬ್ಬಿ


ಫೆಬ್ರವರಿ 18

ಗುಬ್ಬೀ,

ಎದ್ದಿತು ಕಣೋ!

ಪೆನ್ ಡ್ರೈವು ಚುಚ್ಚಿ ಆನ್ ಮಾಡಿದೆ. ಎಲ್ಲಿಂದ ತರಲಿ ಅಂತ ಕೇಳಿತು, ನಿನ್ನ ಡಿಸ್ಕು ತೋರಿಸಿದೆ. ಎಲ್ಲಿಗೆ ಹಾಕಲಿ ಅಂತ ಕೇಳಿತು, ಶಾಲೆಯ ಕಂಪ್ಯೂಟರಿನ ಡಿಸ್ಕು ತೋರಿಸಿದೆ. ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಆಗಬಹುದಾ ಅಂತ ಕೆಂಪಕ್ಷರದಲ್ಲಿ ಹೆದರಿಸಿತು. ಎರಡು ಸಲ ಓದಿದೆ. ಸೂಜಿಯ ಅವ್ವ ಹಿಂದಿನಿಂದ, "ಒತ್ತೇ, ಅದೇನು ಹೆಣ್ಣು ನೋಡೋಕೆ ಬಂದೋನ ಹಾಗೆ ಇಷ್ಟು ಪ್ರಶ್ನೆ ಕೇಳೋದು" ಅಂದಳು. ಒತ್ತಿದೆ. ಹಸಿರು ಗೆರೆ ಬಸವನಹುಳುವಿನಂತೆ ತೆವಳಿತು. ಕೋಣೆ ತುಂಬ ಜನ, ಕಿಟಕಿಯಲ್ಲಿ ಜನ, ಒಬ್ಬರೂ ಎದ್ದುಹೋಗಲಿಲ್ಲ. ಕಾರ್ಖಾನೆಯ ಸೈರನ್ನು ಕೂಗಿದರೂ ಯಾರೂ ಕದಲಲಿಲ್ಲ.

ಪರದೆ ಬೆಳಗಿತು. ನಾನು ಹಾಕಿದ್ದ ಅದೇ ಫೋಟೋ, ಸೂಜಿ ನಾಲಗೆ ಚಾಚಿ ಅಣಕಿಸುತ್ತಿರುವುದು. ಆಮೇಲೆ ಬಿತ್ತು ನೋಡು ಘೋಷಣೆ! ಬೆಲ್ಟಿನ ಮನೆಯ ಹೆಂಚು ಅಲುಗಿರಬೇಕು. ಅವಳ ದನಿ ಹಾಕಿದೆವು. "ಬಾಗಿಲು ತೆಗೀರಿ ಅಂತ ಕೂಗಿದ್ವಿ. ಬೆಲ್ಟು ಹೊರಗೇ ನಿಂತಿದ್ದ. ಅವನ ಬೂಟು ಬಾಗಿಲ ಸಂದಿಯಲ್ಲಿ ಕಾಣ್ತಿತ್ತು." ಅವಳವ್ವ ಪರದೆಗೆ ಹಣೆ ಒತ್ತಿ ನಿಂತಿದ್ದಳು, ತೆಗೆಯಲಿಲ್ಲ.

ದನಿಯ ಪ್ರತಿಯನ್ನು ವಕೀಲಮ್ಮನ ಕೈಗೇ ಕೊಟ್ಟಿದ್ದೇನೆ. ಬಾಯ್ಲರ್ ಮಾವನ ಹೇಳಿಕೆ ಬರೆದುಕೊಳ್ಳಬೇಕು ಅಂದರು. ಅವನಿರುವ ಜಾಗ, ಬಾಗಿಲು ಹೇಗೆ ತಟ್ಟಬೇಕು ಎಂಬುದನ್ನೆಲ್ಲ ಆ ಸಂಜೆಯೇ ಟೈಪು ಮಾಡಿ ಅವರಿಗೆ ಕಳಿಸಿದೆ. ಎದ್ದ ಕಂಪ್ಯೂಟರಿನ ಮೊದಲ ಕೆಲಸ!

ನಿನ್ನ ಎರಡು ಸಾಲಿನ ಕಾಗದ ಇವತ್ತು ಬಂತು. ನೆಟ್ ವೈರು ಹಾಕಬೇಡ ಅಂತೀಯಲ್ಲ, ಯಾಕೋ, ಶಾಕ್ ಹೊಡೆಯುತ್ತಾ? ಮೂರು ದಿನದಿಂದ ಹಾಕಿಯೇ ಇದೆ. ನೀನು ಮಾಡಿಕೊಟ್ಟದ್ದೇ ಇದು. ನಿನ್ನ ಕೈಗುಣ. ಸಿಟ್ಟು ಇಳಿದಿದೆ, ಹೆದರುಪುಕ್ಕಲಾ.

ಅಕ್ಕ


ಫೆಬ್ರವರಿ 24

ಗುಬ್ಬಿ,

ಬಾಯ್ಲರ್ ಮಾವ ಸತ್ತಿಲ್ಲ. ಅಷ್ಟೇ ಹೇಳಬಹುದು.

ಮರ ಕೊಯ್ಯುವ ಮಿಲ್ಲಿನ ಹಿಂದಿನ ಕೋಣೆಯಲ್ಲಿ ಇಟ್ಟಿದ್ದೆವು. ಗರಗಸದ ಸದ್ದಿನಲ್ಲಿ ಕೆಮ್ಮಿದರೂ ಹೊರಗೆ ಕೇಳುವುದಿಲ್ಲ ಅಂತ ನಾವೇ ಆರಿಸಿದ ಜಾಗ. ಅವನು ಅರಚಿದ್ದೂ ಹೊರಗೆ ಕೇಳಲಿಲ್ಲ. ಬೆಲ್ಟು ಮತ್ತು ಅವನ ಕಡೆಯ ನಾಲ್ವರು ಮಧ್ಯಾಹ್ನ ಬಂದರು. ಮಾವನನ್ನು ಕೆಡವಿ, ಹೊಸ್ತಿಲ ಮೇಲೆ ಗದ್ದ ಇಡಿಸಿ, "ಕೋರ್ಟಲ್ಲಿ ಬಾಯಿ ತೆಗೀತೀಯಂತಲ್ಲ, ಈಗ ತೆಗಿ" ಅಂತ ಕಬ್ಬಿಣದ ಸಲಾಕೆಯಿಂದ ಹೊಡೆದರು. ಒಂದೇ ಏಟಿಗೆ ದವಡೆ ಹೋಯಿತು. ಆದರೂ ನಿಲ್ಲಿಸಲಿಲ್ಲ. ನಾವು ಹೋದಾಗ ಅವನು ತನ್ನ ಹಲ್ಲುಗಳನ್ನು ಅಂಗೈಯಲ್ಲಿ ಕೂಡಿಹಾಕಿಕೊಂಡು ಕೂತಿದ್ದ, ಯಾರಿಗೋ ವಾಪಸು ಕೊಡುವವನ ಹಾಗೆ. ನಾಲಗೆ ಅರ್ಧ ಸೀಳಿದೆ. ದವಡೆಗೆ ತಂತಿ ಕಟ್ಟಿದ್ದಾರೆ. 18ಕ್ಕೆ ಅವನು ಮಾತಾಡುವುದಿಲ್ಲ.

ಜಾಗ ಗೊತ್ತಿದ್ದದ್ದು ನನಗೆ, ಊಟ ಕೊಂಡೊಯ್ಯುತ್ತಿದ್ದ ಕಾವಲು ತಾತನಿಗೆ. ವಕೀಲಮ್ಮನಿಗೆ ಬರೆದು ಕಳಿಸಿದ್ದೆ.

ಈಗ ನಾವು ಮಾಡಿದ್ದನ್ನು ಹೇಳುತ್ತೇನೆ. ತಾತನನ್ನು ಕಚೇರಿಯ ಕಂಬಕ್ಕೆ ಒರಗಿಸಿ ಕೇಳಿದೆವು. "ಎಷ್ಟಕ್ಕೆ ಮಾರಿಕೊಂಡೆ?" ಮೊದಲ ಏಟು ನನ್ನದು. ಆಮೇಲೆ ಯಾರು ಯಾರೋ ಹೊಡೆದರು. ಹೆಂಗಸರೂ ಹೊಡೆದರು. ಬೆಲ್ಟು ಹಲ್ಲು ಉದುರಿಸಿದ್ದ ಅದೇ ಬಾಯಿಗೆ ನಮ್ಮ ಜನ ಹೊಡೆದರು. ಮಣಿಕಟ್ಟು ಮುರಿದ ಸದ್ದು ಕೇಳಿದಾಗ ನಿಂತೆವು. ಅವನು ಒಂದೇ ಮಾತು ಹೇಳಿದ: "ಹೊಡೀರಿ ತಾಯೀ, ಅವರಿಗಿಂತ ನಿಮ್ಮ ಕೈ ಮೆತ್ತಗಿದೆ."

ಮಾರನೆಯ ದಿನ ಆಸ್ಪತ್ರೆಯಲ್ಲಿ ಬಾಯ್ಲರ್ ಮಾವ ಸನ್ನೆ ಮಾಡಿ ಪೆನ್ನು ಕೇಳಿದ. ಬರೆದ. "ಎರಡು ಸಲ ತಟ್ಟಿ, ನಿಂತು, ಒಂದು ಸಲ ತಟ್ಟಿದರು. ವಕೀಲಮ್ಮ ಅಂತ ತೆಗೆದೆ."

ಆ ತಟ್ಟುವ ಲೆಕ್ಕ ತಾತನಿಗೆ ಗೊತ್ತೇ ಇಲ್ಲ. ಅವನು ಬಾಗಿಲಲ್ಲಿ ಕೆಮ್ಮುತ್ತಿದ್ದ, ಮಾವ ಕೆಮ್ಮಿನ ಗುರುತು ಹಿಡಿದು ತೆಗೆಯುತ್ತಿದ್ದ. ತಟ್ಟುವ ಲೆಕ್ಕವನ್ನು ವಕೀಲಮ್ಮನಿಗೆಂದೇ ನಾನು ಇಟ್ಟದ್ದು. ಮಾವನೊಬ್ಬನನ್ನು ಬಿಟ್ಟು ಬಾಯಿಂದ ಯಾರಿಗೂ ಹೇಳಿಲ್ಲ. ವಕೀಲಮ್ಮ ಇನ್ನೂ ಹೊರಟೇ ಇರಲಿಲ್ಲ, ನಾನು ಕಳಿಸಿದ್ದನ್ನು ತೆರೆದು ಓದಿಯೂ ಇರಲಿಲ್ಲ. ಅದು ಇದ್ದದ್ದು ಒಂದೇ ಕಡೆ, ಆ ಕಂಪ್ಯೂಟರಿನ ಮುಂದೆ ಕೂತು ನಾನು ಒತ್ತಿದ ಅಕ್ಷರಗಳಲ್ಲಿ.

ಒಂದು ಪ್ರಶ್ನೆ. ನೆಟ್ ವೈರು ಹಾಕಬೇಡ ಅಂದದ್ದು ಯಾಕೆ?

ಅಕ್ಕ


ಫೆಬ್ರವರಿ 27

ಅಕ್ಕಾ,

ಕಂಪ್ಯೂಟರು ಆರಿಸು. ಈ ಸಾಲು ಓದಿ ಎದ್ದುಹೋಗಿ ಆರಿಸಿ ಬಾ, ಆಮೇಲೆ ಮುಂದೆ ಓದು.

ಇಮೇಜ್ ಅಂದರೆ ಆ ಗಳಿಗೆಯಲ್ಲಿ ಡಿಸ್ಕಿನಲ್ಲಿ ಏನೇನಿತ್ತೋ ಎಲ್ಲವೂ. ಬೇಕಾದದ್ದು, ಬೇಡವಾದದ್ದು ಅಂತ ಅದು ಆರಿಸುವುದಿಲ್ಲ. ಬೆಲ್ಟು ಆ ಡಿಸ್ಕನ್ನು ಒಡೆದಾಗ, ನೀನು ಒತ್ತಿದ ಅಕ್ಷರಗಳನ್ನೆಲ್ಲ ನೆಟ್‌ನಲ್ಲಿ ಧಣಿಗೆ ಸಾಗಿಸುತ್ತಿದ್ದ ಒಳಗಿನ ಕಳ್ಳನೂ ಸತ್ತಿದ್ದ. ನೀನು ಎಬ್ಬಿಸಿದಾಗ ಅವನೂ ಎದ್ದ.

ಜನವರಿಯಲ್ಲಿ ಶಟರ್ ತಾನಾಗಿ ಬೀಳಲಿಲ್ಲ. ಅಂಗಡಿ ಮುಚ್ಚುವಾಗ ಮೂವರು ಬಂದರು. ಒಬ್ಬ ನನ್ನ ಬಲಗೈಯನ್ನು ಹೊಸ್ತಿಲ ಮೇಲೆ ಒತ್ತಿ ಹಿಡಿದ, ಒಬ್ಬ ಶಟರ್ ಎಳೆದ. ಮೂರನೆಯವನ ಕೈಗೆ ಬೆಲ್ಟು ಸುತ್ತಿತ್ತು. ಅವನು ಇವಳ ಆಸ್ಪತ್ರೆಯ ದಿನಗಳನ್ನು ಒಂದೊಂದಾಗಿ ಹೇಳಿದ. ಯಾವ ಬಸ್ಸಿಗೆ ಹೋಗುತ್ತಾಳೆ, ಯಾವ ಬದಿ ಕೂರುತ್ತಾಳೆ, ಎಲ್ಲ. ಅದಾದ ಮೇಲೆ ನಾನು ನಿಮ್ಮ ಮನೆಗೆ ಕರೆಯದೇ ಬಂದೆ.

ಆ ಹಿಟ್ಟಿನ ಡಬ್ಬಿಯ ಡಿಸ್ಕಿನ ಸುದ್ದಿ ಅವರಿಗೆ ಹೇಳಿರಲಿಲ್ಲ. ಅದೊಂದನ್ನು ಹೇಳಿರಲಿಲ್ಲ.

ಬಾಯ್ಲರ್ ಮಾವ ನೀರು ಕುಡಿಯುತ್ತಾನಾ?


ಮಾರ್ಚ್ 2

ಕುಡಿಯುತ್ತಾನೆ. ನಳಿಗೆಯಲ್ಲಿ. ಅರ್ಧ ಕತ್ತಿನ ಮೇಲೆ ಹರಿಯುತ್ತದೆ.

ಹೆಸರು ಹಿಡಿದು ಬರೆಯಲು ಕೈ ಬರುತ್ತಿಲ್ಲ. ನೀನು ಮನೆಗೆ ಬಂದು, ಅಮ್ಮ ಬಡಿಸಿದ್ದನ್ನು ಉಂಡು, ನನ್ನ ಕುರ್ಚಿಯಲ್ಲಿ ಕೂತು, ಸತ್ತ ಹೆಂಗಸರ ಮನೆಗಳಿಗೆಲ್ಲ ಕಳ್ಳಗಿಂಡಿ ಕೊರೆದುಹೋದೆ. ನಾನು ನಿನ್ನ ಬೆರಳಿಗೆ ಊದುತ್ತಾ ಪಕ್ಕದಲ್ಲಿ ಕೂತಿದ್ದೆ! ಸರಿ, ಕೈ ಜಜ್ಜಿದರು. ನನ್ನ ತಮ್ಮನ ಕೈಯನ್ನು ಜಜ್ಜಿದವನ ಕೈಯನ್ನು ನಾನು ಕಡಿಯುತ್ತೇನೆ, ಅದು ಬೇರೆ ಲೆಕ್ಕ. ಆದರೆ ಮೊದಲ ಕಾಗದದಲ್ಲೇ ಒಂದು ಸಾಲು ಬರೆಯಲು ನಿನಗೆ ಎಡಗೈ ಇತ್ತು. "ಹಳೆಯ ತೊಂದರೆಗಳೂ ಏಳುತ್ತವೆ" ಅಂತ ಬರೆದೆ. ತೊಂದರೆಯ ಹೆಸರು ಬರೆದಿದ್ದರೆ ಬಾಯ್ಲರ್ ಮಾವನಿಗೆ ಇವತ್ತು ಬಾಯಿ ಇರುತ್ತಿತ್ತು. ತಾತನ ಮಣಿಕಟ್ಟು ಇರುತ್ತಿತ್ತು. ನಿನ್ನ ನಾಚಿಕೆ ಕಾಪಾಡಲು ಎರಡು ಮುದಿಜೀವಗಳ ಮೂಳೆ ಹೋಯಿತು.

ಕಂಪ್ಯೂಟರು ಆರಿಸಿಲ್ಲ.

ಆರಿಸುವುದಿಲ್ಲ. ಇವತ್ತು ಬೆಳಿಗ್ಗೆ ಅದರ ಮುಂದೆ ಕೂತು ವಕೀಲಮ್ಮನಿಗೆ ಅಂತ ಒಂದು ಕಾಗದ ಟೈಪು ಮಾಡಿದೆ. ಕಳಿಸಿಲ್ಲ, ಟೈಪು ಮಾತ್ರ. ಬೀಗ ಹಾಕಿದ್ದನ್ನು ನೋಡಿದ ಇನ್ನೊಬ್ಬ ಸಾಕ್ಷಿ ಸಿಕ್ಕಿದ್ದಾನೆ, ಹಳೆಯ ನೂಲಿನ ಗೋದಾಮಿನಲ್ಲಿ ಒಬ್ಬನೇ ಇದ್ದಾನೆ, ಶನಿವಾರ ಸಂಜೆ ಬೇರೆ ಊರಿಗೆ ಸಾಗಿಸುತ್ತೇವೆ ಅಂತ. ಅಂಥ ಸಾಕ್ಷಿ ಇಲ್ಲ. ಗೋದಾಮಿನಲ್ಲಿ ಮುಸುಕು ಹಾಕಿಕೊಂಡು ಕೂರುವವಳು ನಾನು. ಬಟ್ಟೆ ಮೂಟೆಗಳ ಹಿಂದೆ ಇಸ್ತ್ರಿ ಹಾಲಿನ ಬೆಂಕಿಯಲ್ಲಿ ಬದುಕಿ ಉಳಿದ ಹೆಂಗಸರು, ಬಣ್ಣದ ತೊಟ್ಟಿಯಲ್ಲಿ ದುಡಿಯುವ ಹೆಂಗಸರು.

ನಿನಗೆ ಹೇಳಬಾರದು ಅಂತ ಎಲ್ಲರೂ ಬಡಕೊಂಡರು. ಹೇಳಿದ್ದೇನೆ. ನಂಬಿಕೆಯಿಂದ ಅಂತ ತಿಳಿಯಬೇಡ, ನಂಬಿಕೆ ಸತ್ತಿದೆ. ನೀನು ಅವರಿಗೆ ಹೇಳಿದರೆ ಅವರು ಐವರ ಬದಲು ಐವತ್ತು ಜನ ಬರುತ್ತಾರೆ, ಮೊದಲ ಸಲಾಕೆ ನಿನ್ನಕ್ಕನ ತಲೆಗೆ ಬೀಳುತ್ತದೆ. ನೀನು ಯಾರು ಅಂತ ತಿಳಿದುಕೊಂಡೇ ಸಾಯುತ್ತೇನೆ. ತಿಳಿಯದೆ ಬದುಕುವುದಕ್ಕಿಂತ ಅದು ವಾಸಿ.


ಮಾರ್ಚ್ 5

ಅಕ್ಕಾ,

ಇದನ್ನ ಬರೀತಿರೋದು ನಾನು, ನಿಮ್ಮ ತಮ್ಮನ ಹೆಂಡತಿ. ಇವರಿಗೆ ಬರೆಯೋಕೆ ಕೈ ಇಲ್ಲ. ಇವರು ಹೇಳ್ತಾರೆ, ನಾನು ಬರೀತೀನಿ.

"ಅಕ್ಕಾ, ನಿನ್ನೆ ಬಂದಿದ್ದರು. ಗೋದಾಮಿನಲ್ಲಿ ನಿಜವಾಗಿ ಯಾರಾದರೂ ಇದ್ದಾರಾ, ನಿನ್ನಕ್ಕನಿಗೆ ಏನಾದರೂ ವಾಸನೆ ಹತ್ತಿದೆಯಾ ಅಂತ ಕೇಳಿದರು. ನನ್ನಕ್ಕ ಪೆದ್ದಿ, ಕಂಪ್ಯೂಟರು ಆನ್ ಮಾಡೋದು ಬಿಟ್ಟರೆ ಅವಳಿಗೇನೂ ತಿಳಿಯಲ್ಲ ಅಂದೆ. ಎಡಗೈ ಶಟರ್ ಕೆಳಗಿಟ್ಟರು. ಮತ್ತೆ ಕೇಳಿದರು. ಮತ್ತೆ ಅದನ್ನೇ ಅಂದೆ. ನಿನ್ನನ್ನು ಪೆದ್ದಿ ಅಂದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ."

ಇವರು ಹೇಳಿದ್ದು ಅಷ್ಟೇ. ಎಷ್ಟು ಸಲ ಶಟರ್ ಎಳೆದ್ರು ಅಂತ ಇವರು ಬರೆಸ್ತಿಲ್ಲ, ನಾನು ಬರೀತೀನಿ. ಕೈ ಹಸಿಮಾಂಸದ ಮುದ್ದೆ ಆಗೋವರೆಗೂ. ಡಾಕ್ಟರು ಮೂರು ಬೆರಳು ತೆಗೆದ್ರು. ಬಲಗೈ ಮೊದಲೇ ನೆಟ್ಟಗಿಲ್ಲ. ಇನ್ನು ಇವರು ಸ್ಕ್ರೂ ಹಿಡಿಯಲ್ಲ, ಹುಟ್ಟೋ ಮಗು ಎತ್ತಿಕೊಳ್ಳೋಕೂ ನನ್ನ ಸಹಾಯ ಬೇಕು. ಜನವರಿಯಲ್ಲಿ ನಡೆದದ್ದು ನನಗೂ ಹೇಳಿರಲಿಲ್ಲ, ನಿನ್ನೆ ಹೇಳಿದ್ರು. ನಾನು ಅದೇ ಕೈಗೆ ಬ್ಯಾಂಡೇಜು ಸುತ್ತಿದ್ದೆ, ಶಟರ್ ಮಾಡಿದವನಿಗೆ ಶಾಪ ಹಾಕಿದ್ದೆ!

ನಿಮ್ಮ ಕಾಗದ ಓದಿದೆ. "ನಂಬಿಕೆ ಸತ್ತಿದೆ" ಅಂತೆ. ಬರೆಯೋರಿಗೇನು, ಕೈ ಇದೆ. ಇವರು ಮಾಡಿದ್ದು ದೊಡ್ಡ ತಪ್ಪು, ನಾನು ಮುಚ್ಚಲ್ಲ. ಆದ್ರೆ ನನ್ನ ಹೊಟ್ಟೆ ನೋಡಿಕೊಂಡು ಮೊದಲ ಸಲ ಬಾಯಿಬಿಟ್ಟ ಗಂಡಸು, ಎರಡನೇ ಸಲ ಅದೇ ಹೊಟ್ಟೆ ನೋಡಿಕೊಂಡೇ ಬಾಯಿ ಬಿಡಲಿಲ್ಲ. ಅದನ್ನೂ ನಿಮ್ಮ ಸಭೆಯಲ್ಲಿ ಓದಿ.

ಶನಿವಾರ ಹುಷಾರು ಅಕ್ಕಾ. ಮುರಿದ ಪಕ್ಕೆಯನ್ನ ಗೋಡೆ ಕಡೆ ಮಾಡಿ ಕೂತ್ಕೊಳ್ಳಿ.


ಮಾರ್ಚ್ 11

ಗುಬ್ಬೀ, ನನ್ನವ್ವಾ ನೀನೂ,

ನಿಮ್ಮ ಕಾಗದ ಗೋದಾಮಿಗೆ ಹೊರಡುವ ಮುಂಚೆ ಕೈಗೆ ಬಂತು. ಓದಿ ರವಿಕೆಯೊಳಗೆ ಇಟ್ಟುಕೊಂಡೆ. ಪಕ್ಕೆಯನ್ನು ಗೋಡೆ ಕಡೆ ಮಾಡಿಯೇ ಕೂತೆ.

ಪಾಳಿ ಬದಲಾಗುವ ಹೊತ್ತಿಗೆ ಬಂದರು. ಐವರೇ. ಹಾಗಾಗಿ ಗುಬ್ಬಿ ಯಾರು ಅಂತ ಬಾಗಿಲು ತೆರೆದ ಕೂಡಲೇ ತಿಳಿಯಿತು.

ಬೆಲ್ಟು ಮುಸುಕು ಎಳೆದ. ನನ್ನ ಮುಖ ನೋಡಿ ಒಂದು ಕ್ಷಣ ಅವನ ಬಾಯಿ ಹಾಗೇ ತೆರೆದುಕೊಂಡಿತು. ಆಮೇಲೆ ಸಲಾಕೆ ಎತ್ತಿದ. ನಾನು ತಲೆ ತಗ್ಗಿಸಿದೆ, ಭುಜಕ್ಕೆ ಬಿತ್ತು, ಮೂಳೆ ಕಳಚಿತು. ಅಷ್ಟರಲ್ಲಿ ಮೂಟೆಗಳು ಉರುಳಿದವು. ಬಣ್ಣದ ತೊಟ್ಟಿ ಕಲಕುವ ಕೋಲುಗಳು ನೆನಪಿವೆಯಾ, ವರ್ಷಗಟ್ಟಲೆ ಬಣ್ಣ ಕುಡಿದು ಕಬ್ಬಿಣದಂತೆ ಆಗಿರುತ್ತವೆ? ಆ ಕೋಲುಗಳನ್ನು ದಿನವಿಡೀ ತಿರುಗಿಸುವ ತೋಳುಗಳು ಅವು. ಮೊದಲ ಏಟಿಗೇ ಬೆಲ್ಟಿನ ಮೊಣಕೈ ಹಿಂದಕ್ಕೆ ಮಡಚಿತು. ಒಬ್ಬ ಚಾಕು ತೆಗೆದು ನಮ್ಮವಳೊಬ್ಬಳ ಕೆನ್ನೆ ಸೀಳಿದ, ಅವಳು ರಕ್ತ ಉಗಿಯುತ್ತಲೇ ಅವನ ಮೊಣಕಾಲಿಗೆ ಬೀಸಿದಳು. ನಾನು ಸುಳ್ಳು ಹೇಳುವುದಿಲ್ಲ, ನನಗೆ ಖುಷಿಯಾಯಿತು. ಆ ಸದ್ದುಗಳು ನನಗೆ ಹಿಡಿಸಿದವು. ಹೆದರಿಕೆಯೂ ಆಯಿತು, ಅವು ತಾತನ ಮಣಿಕಟ್ಟಿನ ಸದ್ದಿನ ಹಾಗೇ ಇದ್ದವು.

ಅವರು ಬಿದ್ದ ಮೇಲೆ ನಾವು ಹೊರಗೆ ಬಂದೆವು. ಸೂಜಿಯ ಅವ್ವ ಕೊನೆಗೆ ಬಂದಳು. ಬಾಗಿಲು ಎಳೆದಳು. ಸೆರಗಿನೊಳಗಿಂದ ಬೀಗ ತೆಗೆದು ಜಡಿದಳು. ಗೋಡೆಯ ಪಕ್ಕ ಸೀಮೆಎಣ್ಣೆಯ ಡಬ್ಬಿ ಇಟ್ಟಿದ್ದಳು, ಅದು ನಮಗ್ಯಾರಿಗೂ ತಿಳಿದಿರಲಿಲ್ಲ. ಬಾಗಿಲ ಸಂದಿಯಿಂದ ಒಳಗೆ ಸುರಿದಳು. ವಾಸನೆ ಹತ್ತಿದ ಕೂಡಲೇ ಒಳಗಿಂದ ಬಡಿತ ಶುರುವಾಯಿತು. "ಬಾಗಿಲು ತೆಗೀರಿ! ತೆಗೀರೇ ತಾಯಂದಿರಾ!" ಆ ದನಿ ಬೆಲ್ಟಿನದು.

ಮುದುಕಿಯ ಕೈಯಲ್ಲಿ ಬೆಂಕಿಪೊಟ್ಟಣ. ಯಾರೂ ತಡೆಯಲಿಲ್ಲ. ನಾನೂ ಮೊದಲು ತಡೆಯಲಿಲ್ಲ, ಗುಬ್ಬಿ.

ಆಮೇಲೆ, "ಅವ್ವಾ, ಇವನು ಬೆಂದುಹೋದ್ರೆ ಧಣಿ ಹೆಸರು ಹೇಳೋರ್ಯಾರು?" ಅಂದೆ.

"ನಂಗೆ ಧಣಿ ಬ್ಯಾಡ. ಇವನ ಬೂಟು ಸಾಕು."

"ಸೂಜಿ ಹೇಳೋದು ಬಾಕಿ ಇದೆ. ಅವಳು ಹೇಳಿ ಮುಗಿಸ್ಲಿ. ಆಮೇಲೆ ನಿನ್ನಿಷ್ಟ."

ವಕೀಲಮ್ಮ ಕೊಡಿಸಿದ ಹೊಸ ಫೋನಿನಲ್ಲಿ ಸೂಜಿಯ ದನಿ ಇತ್ತು. ಅದನ್ನು ಬಾಗಿಲ ಸಂದಿಗೆ ಹಿಡಿದೆ, ದನಿ ಪೂರ್ತಿ ಏರಿಸಿದೆ. "ಬಾಗಿಲು ತೆಗೀರಿ ಅಂತ ಕೂಗಿದ್ವಿ. ಬೆಲ್ಟು ಹೊರಗೇ ನಿಂತಿದ್ದ." ಒಳಗಿನ ಬಡಿತ ನಿಂತಿತು. ಅವಳು ಸಾಯುವವಳ ಉಸಿರಿನಲ್ಲಿ ಎಳೆದೆಳೆದು ಕೊನೆಯವರೆಗೆ ಹೇಳಿದಳು. ಒಳಗಿನಿಂದ ಒಬ್ಬ ಗಂಡಸು ಮಗುವಿನಂತೆ ಅಳುವುದು ಕೇಳಿತು. ಸೂಜಿಯ ಅವ್ವ ಮಗಳ ಕೊನೆಯ ಮಾತು ಮುಗಿಯುವವರೆಗೂ ಬಾಗಿಲಿಗೆ ಕಿವಿ ಕೊಟ್ಟು ನಿಂತಿದ್ದಳು. ಬೆಂಕಿಪೊಟ್ಟಣವನ್ನು ನನ್ನ ಕೈಗೆ ಹಾಕಿ, ನೆಲಕ್ಕೆ ಉಗಿದು, ಅಲ್ಲೇ ಕುಸಿದಳು. ಬೀಗದ ಕೀಲಿ ಅವಳ ಮುಷ್ಟಿಯಲ್ಲೇ ಇತ್ತು, ಪೊಲೀಸರು ಬಂದು ಬೆರಳು ಬಿಡಿಸಬೇಕಾಯಿತು.

ನಮ್ಮ ಮೇಲೂ ಕೇಸು ಹಾಕಿದ್ದಾರೆ, ಸುಡಲು ನೋಡಿದೆವು ಅಂತ. ಮೂರು ದಿನ ಲಾಕಪ್ಪಿನಲ್ಲಿದ್ದೆವು, ನಿನ್ನೆ ಜಾಮೀನು ಸಿಕ್ಕಿತು. ಹಾಕಲಿ. ನೋಡಿದ್ದು ನಿಜವೇ, ನಾನು ಇಲ್ಲ ಅನ್ನುವುದಿಲ್ಲ.

ಈಗ ಕೇಳು. ಬೆಲ್ಟಿನ ಫೋನಿನಲ್ಲಿ ನಾನು ಟೈಪು ಮಾಡಿದ ಸಾಲುಗಳೆಲ್ಲ ಸಿಕ್ಕಿವೆ. ಮರದ ಮಿಲ್ಲಿನ ಕೋಣೆ, ಎರಡು ತಟ್ಟಿ ಒಂದು ತಟ್ಟುವುದು, ಗೋದಾಮು. ಧಣಿಯ ಕಡೆಯಿಂದಲೇ ಅವನಿಗೆ ಬಂದಿವೆ. ಆದರೆ ಧಣಿಯ ವಕೀಲ ಆಗಲೇ ಹೇಳಿಕೊಂಡು ತಿರುಗುತ್ತಿದ್ದಾನೆ, ಆ ಹೆಂಗಸೇ ಜಗಳ ಹೂಡಲು ತಾನಾಗಿ ಕಳಿಸಿದಳು ಅಂತ. ಕಳ್ಳನನ್ನು ಕಂಪ್ಯೂಟರಿಗೆ ಇಳಿಸಿದವರು ಯಾರು, ಯಾರು ಹೇಳಿ ಇಳಿಸಿದ್ದು, ಇದನ್ನು ಹೇಳಬಲ್ಲವನು ಭೂಮಿಯ ಮೇಲೆ ಒಬ್ಬನೇ. ಹೇಳಿದರೆ ನಿನ್ನನ್ನೂ ಹಿಡಿಯಬಹುದು. ಅದನ್ನು ನಾನು ಮುಚ್ಚಿಡುವುದಿಲ್ಲ.

ಬಾಯ್ಲರ್ ಮಾವ ತಾನು ನೋಡಿದ್ದನ್ನೆಲ್ಲ ಬರೆದು ಕೊಡುತ್ತೇನೆ ಅಂದಿದ್ದಾನೆ. ಅವನಿಗೆ ಕೈ ಇದೆ, ಬಾಯಿ ಇಲ್ಲ. ನಿನಗೆ ಬಾಯಿ ಇದೆ, ಕೈ ಇಲ್ಲ. ಇಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿದರೆ ನಮಗೆ ಒಬ್ಬ ಇಡೀ ಸಾಕ್ಷಿ ಸಿಗುತ್ತಾನೆ.

ನಾನು ಕ್ಷಮಿಸಿಲ್ಲ. ತಾತನೂ ನನ್ನನ್ನು ಕ್ಷಮಿಸಿಲ್ಲ, ಆದರೂ ಕಚೇರಿಯ ಬಾಗಿಲಲ್ಲಿ ಮತ್ತೆ ಬಂದು ಕೂತಿದ್ದಾನೆ, ಕೊರಳಿಗೆ ಕೈ ಕಟ್ಟಿಕೊಂಡು. ನೀನೂ ಬಾ. ಬಸ್ಸಿನಲ್ಲಿ ಅವಳನ್ನು ಕಿಟಕಿಯ ಬದಿ ಕೂರಿಸಬೇಡ. ಅಮ್ಮನಿಗೆ ಎಲ್ಲ ಹೇಳಿದ್ದೇನೆ. ಎದ್ದುಹೋಗಿ ಹಿಟ್ಟಿನ ಡಬ್ಬಿಯನ್ನು ತೊಳೆದು ಕವುಚಿಟ್ಟಳು. ಆಮೇಲೆ, "ಅವನಿಗೆ ತುತ್ತು ಕಲಸಿ ಹಾಕೋರ್ಯಾರು" ಅಂದಳು.

ಹದಿನೆಂಟಕ್ಕೆ ಕಟಕಟೆಯಲ್ಲಿ ನಿಂತಾಗ, ಅವರು ಕೈ ಜಜ್ಜಿದ್ದನ್ನು ಮಾತ್ರ ಹೆಕ್ಕಿ ಹೇಳಬೇಡ. ನಮ್ಮ ಮನೆಯಲ್ಲಿ ಉಂಡು ನೀನು ಮಾಡಿದ್ದನ್ನೂ ಹೇಳು. ನಾನು ತಾತನಿಗೆ ಹೊಡೆದದ್ದು, ಬೆಂಕಿಪೊಟ್ಟಣ ನೋಡಿಯೂ ಸುಮ್ಮನೆ ನಿಂತದ್ದು, ನನ್ನ ಪಾಳಿ ಬಂದಾಗ ನಾನೂ ಹೇಳುತ್ತೇನೆ. ಇದ್ದದ್ದೆಲ್ಲ ಇದ್ದ ಹಾಗೇ ಏಳಲಿ. ಈ ಸಲ ಕಳ್ಳ ಎದ್ದರೆ ಎಲ್ಲರ ಕಣ್ಣೆದುರು ಏಳುತ್ತಾನೆ.

ಅಕ್ಕ